ಮಡ್ಡಿಯ ಋಣ

ಔರಾದ ತಾಲ್ಲೂಕಿನ ನಮ್ಮೂರಿನ ಅಂಚಿನಲ್ಲಿ ನಮಗೊಂದು ಮಡ್ಡಿ ಇತ್ತು. ಒಂದೂವರೆ ಎಕರೆ. ಜೋಳ ಬಿತ್ತುವಷ್ಟು ಮಣ್ಣು ಅಲ್ಲಿರಲಿಲ್ಲ. ತಂಗಡಿ, ಬಾರಿ, ಕವಳಿ, ಅಲ್ಲೊಂದು ಇಲ್ಲೊಂದು ಮುತ್ತುಗ, ಮಳೆ ಬಿದ್ದರೆ ಮೊಣಕಾಲುದ್ದ ಹುಲ್ಲು. ನಾನು ಪಿಯುಸಿ ಮುಗಿಸಿದ ವರ್ಷ ಅಪ್ಪ ಅದನ್ನು ಕಲ್ಲು ಒಡೆಯುವವರಿಗೆ ಗುತ್ತಿಗೆ ಕೊಟ್ಟ. "ಬರೀ ಕಲ್ಲದಾವ, ಹೋಗಲಿ. ಪೋರಿ ಓದಲಿ" ಎಂದ. ಬೀದರಿನಲ್ಲಿ ನನ್ನ ಡಿಗ್ರಿಯ ಮೂರು ವರ್ಷದ ಹಾಸ್ಟೆಲ್ ಖರ್ಚು ಆ ಮಡ್ಡಿಯಿಂದಲೇ ಬಂತು. ಈಗ ನಾನು ನೀತಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮಡ್ಡಿ ಇದ್ದಲ್ಲಿ ಮೂರಾಳುದ್ದದ ಗುಂಡಿ ಇದೆ.

ಕಲ್ಲು ಮುಗಿದ ಮೇಲೆ ಗುತ್ತಿಗೆ ಹಿಡಿದವರು ಗುಂಡಿಯ ಸುತ್ತ ಒಂದಷ್ಟು ಸಸಿ ನೆಟ್ಟು, ಫೋಟೋ ತೆಗೆದುಕೊಂಡು ಹೋದರು. ಮುಂದಿನ ಬೇಸಿಗೆಗೆ ಸಸಿ ಒಣಗಿದವು. ಊರಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ: ಅಗೆದು ಮುಗಿದ ನೆಲಕ್ಕೆ ನಾವು ಏನನ್ನಾದರೂ ಬಾಕಿ ಇದ್ದೇವೆಯೇ? ಇದ್ದರೆ, ಅದನ್ನು ತೀರಿಸಲು ಬರುತ್ತದೆಯೇ?

ಕಲ್ಲನ್ನಂತೂ ಮರಳಿ ಕೊಡಲಾಗದು. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಆರಿ ಆದದ್ದು. ಉಳಿಯುವುದು ಮೇಲಿನ ಹಸಿರಿನ ಪ್ರಶ್ನೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಸ್ಪಷ್ಟವಾಗಿಯೇ ಹೇಳಿತು. ಗಣಿಗಾರಿಕೆ ಮುಗಿದ ನೆಲದಲ್ಲಿ ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವಿಗೂ ಸಸ್ಯ-ಪ್ರಾಣಿಗಳಿಗೂ ಯೋಗ್ಯವಾದ ಸ್ಥಿತಿಗೆ ಅದನ್ನು ತರಬೇಕು. ಈ ಷರತ್ತನ್ನು ಗಣಿ ಗುತ್ತಿಗೆಗಳಲ್ಲಿ ಸೇರಿಸಿ ಎಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಆದೇಶದಲ್ಲಿ ನನಗೆ ಹಿಡಿಸಿದ್ದು 'ಹುಲ್ಲು' ಎಂಬ ಮಾತು. ನಾವು ಸಾಮಾನ್ಯವಾಗಿ ಮರ ಎನ್ನುತ್ತೇವೆ.

ಆಸ್ಟ್ರೇಲಿಯಾದ ತತ್ತ್ವಶಾಸ್ತ್ರಜ್ಞ ರಾಬರ್ಟ್ ಎಲಿಯಟ್ 1982ರ ಒಂದು ಪ್ರಬಂಧದಲ್ಲಿ ಈ ಇಡೀ ಭರವಸೆಯನ್ನೇ ಪ್ರಶ್ನಿಸಿದ. ಅವನ ಪ್ರಕಾರ ಹಾಳುಮಾಡಿ ಮರುಸೃಷ್ಟಿಸಿದ ನಿಸರ್ಗ ನಕಲಿ ಚಿತ್ರದಂತೆ. ಕಣ್ಣಿಗೆ ಒಂದೇ ರೀತಿ ಕಂಡರೂ ಅದು ಹುಟ್ಟಿ ಬಂದ ಕತೆ ಬೇರೆ, ಹಾಗಾಗಿ ಬೆಲೆಯೂ ಬೇರೆ. 'ಆಮೇಲೆ ಸರಿಮಾಡುತ್ತೇವೆ' ಎಂಬ ಮಾತು ಅಗೆಯಲು ಪರವಾನಗಿ ಆಗಬಾರದು ಎಂಬುದು ಅವನ ಆತಂಕ. ಅದು ನನಗೆ ಒಪ್ಪಿಗೆ. ಆದರೆ ಅವನ ವಾದ ನಮ್ಮ ಮಡ್ಡಿಗೆ ಪೂರ್ತಿ ಹೊಂದುವುದಿಲ್ಲ. ನಮ್ಮ ಮಡ್ಡಿ ಮನುಷ್ಯರು ಮುಟ್ಟದ ಕಾಡಲ್ಲ. ಅಲ್ಲಿ ತಲೆಮಾರುಗಳಿಂದ ಕುರಿ ಮೇಯ್ದಿವೆ, ಮಕ್ಕಳು ಬಾರಿಹಣ್ಣು ಆರಿಸಿದ್ದಾರೆ, ಮುತ್ತುಗದ ಎಲೆ ಊಟದ ಪತ್ರಾವಳಿಯಾಗಿದೆ. ಅದರ ಬೆಲೆ ಇದ್ದದ್ದು ಈ ಒಡನಾಟದಲ್ಲಿ. ಒಡನಾಟ ಕಡಿದರೆ ಮತ್ತೆ ಶುರು ಮಾಡಬಹುದು. ಕತೆ ಬೇರೆಯಾದರೂ ಅದು ನಕಲಿಯಾಗುವುದಿಲ್ಲ.

ಬೀದರ್ ಕೋಟೆಯನ್ನೇ ನೋಡಿ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಕೋಟೆಯ ಕಂದಕವನ್ನು ಜಂಬಿಟ್ಟಿಗೆ ಬಂಡೆಯಲ್ಲೇ ಕೊರೆದಿದ್ದಾರೆ. ಅದೂ ನೆಲಕ್ಕೆ ಮಾಡಿದ ಗಾಯವೇ, ಆದರೆ ಯಾರೂ ಹಾಗೆ ಕರೆಯುವುದಿಲ್ಲ. ಹಳತಾಯಿತು ಎಂಬ ಒಂದೇ ಕಾರಣಕ್ಕಲ್ಲ. ಅಗೆಸಿದವರು ಆ ಕಂದಕದ ಪಕ್ಕದಲ್ಲೇ ಬದುಕಿದರು. ನಮ್ಮ ಮಡ್ಡಿಯ ಕಲ್ಲು ಜಲ್ಲಿಯಾಗಿ ಎಲ್ಲಿಯೋ ರಸ್ತೆಯಾಯಿತು. ಅಗೆದವರಿಗೆ ಗುಂಡಿಯ ಮುಖ ನೋಡುವ ಪ್ರಸಂಗವೇ ಇಲ್ಲ.

ಭಾಲ್ಕಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಇನ್ನೊಂದು ಹಳೆಯ ಗುಂಡಿ ಕಾಣುತ್ತದೆ. ಅದರ ಸುತ್ತ ನೀಲಗಿರಿ ಸಾಲಾಗಿ ಎದ್ದಿದೆ. ದೂರಕ್ಕೆ ಹಸಿರು. ಹತ್ತಿರ ಹೋದರೆ ಅಡಿಯಲ್ಲಿ ಹುಲ್ಲಿಲ್ಲ, ಕುರಿಗೆ ಮೇವಿಲ್ಲ. ಬೀದರ್ ಸುತ್ತಲಿನ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಅವಕ್ಕೆ ಬೇಕಾದ್ದು ತೆರೆದ ಹುಲ್ಲುಗಾವಲು. ಅಂಥ ನೆಲವನ್ನು 'ಬರಡು' ಎಂದು ಕರೆದು ಮರ ತುಂಬಿದರೆ ಅದು ಎರಡನೆಯ ತಪ್ಪು. ನಿಜವಾದ ಕೆಲಸ ಇಷ್ಟು ಚೆಂದ ಕಾಣುವುದಿಲ್ಲ. ಅಗೆಯುವ ಮೊದಲೇ ಮೇಲ್ಮಣ್ಣನ್ನು ತೆಗೆದಿಡಬೇಕು, ಯಾಕೆಂದರೆ ಬೀಜ ಮತ್ತು ಬೇರು ಇರುವುದು ಅದರಲ್ಲೇ. ಆಮೇಲೆ ಗುಂಡಿಯ ಅಂಚನ್ನು ಇಳಿಜಾರು ಮಾಡಿ ಆ ಮಣ್ಣು ಹರಡಬೇಕು. ಮುಂಗಾರಿಗೆ ಮುಂಚೆ ಸುತ್ತಲಿನ ಹುಲ್ಲಿನ ಬೀಜವನ್ನೇ ಚೆಲ್ಲಬೇಕು. ಆಮೇಲೆ ತಂಗಡಿ, ಬಂದರಿಕೆ, ಮುತ್ತುಗ ಕೊನೆಗೆ. ಕೆಲವು ವರ್ಷ ದನಕರು ಬಿಡದೆ ಕಾಯಬೇಕು. ಈ ಕಾಯುವಿಕೆ ಫೋಟೋದಲ್ಲಿ ಬರುವುದಿಲ್ಲ.

ಕಾಯುವವರು ಯಾರು? ಕಾನೂನಿನ ಪ್ರಕಾರ ಅಗೆದವರು. ಅವರು ಹೋದ ಮೇಲೆ ಹೊಣೆಯೆಲ್ಲ ಅಪ್ಪನ ಹೆಗಲಿಗೆ ಬೀಳುವುದು ಅನ್ಯಾಯ. ಆದರೆ ಆ ಅನ್ಯಾಯವನ್ನು ತೋರಿಸಿ ನಾನು ಕೈ ತೊಳೆದುಕೊಳ್ಳಲಾರೆ. ಕಲ್ಲಿನ ಹಣದಲ್ಲಿ ಓದಿದವಳು ನಾನು. ಕನ್ನಡದಲ್ಲಿ 'ಪರಿಹಾರ' ಎಂದರೆ ಕೊಡುವ ಹಣವೂ ಹೌದು, ಸಮಸ್ಯೆಯ ಕೊನೆಯೂ ಹೌದು. ಹಣ ಕೊಟ್ಟರೆ ಮುಗಿಯಿತು ಎಂಬ ನಂಬಿಕೆ ಆ ಪದದಲ್ಲೇ ಕೂತಿದೆ. 'ಋಣ' ಹಾಗಲ್ಲ. ಅನ್ನದ ಋಣ, ಮಣ್ಣಿನ ಋಣ ಎನ್ನುವಾಗ ಅದು ತೀರುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತೇವೆ. ತೀರದ್ದಕ್ಕೆ ಒಂದೇ ದಾರಿ, ಸಂಬಂಧ ಬಿಡದೆ ಇರುವುದು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಪಕ್ಕದ ಮಡ್ಡಿಯಲ್ಲಿ ಒಣಗಿದ ಹುಲ್ಲಿನ ತೆನೆ ಕೊಯ್ದು ಹಳೆಯ ಗೋಣಿಚೀಲಕ್ಕೆ ತುಂಬಿದೆ. ಅಪ್ಪ ನೋಡಿ ನಕ್ಕ, "ಹುಲ್ಲೂ ಬಿತ್ತತಾರೇನವಾ?" ಎಂದ. ಆಮೇಲೆ ತಾನೇ ಕುಡುಗೋಲು ತಂದ.