ವ್ರತವೂ ವಾತ್ಸಲ್ಯವೂ

ಪ್ರೀತಿಯಿಂದ ಮಾಡಿ ತಂದ ತಿನಿಸನ್ನು ವ್ರತದ ಕಾರಣದಿಂದ ನಿರಾಕರಿಸಿದರೆ ಅದು ಹಿಂಸೆಯಾಗುತ್ತದೆಯೇ? ಈ ಪ್ರಶ್ನೆ ಇಂದು ಶಾಸ್ತ್ರಸಭೆಗಳಿಗಿಂತ ಹೆಚ್ಚಾಗಿ ಅಡುಗೆಮನೆಗಳಲ್ಲಿ, ಅದರಲ್ಲಿಯೂ ಬೆಂಗಳೂರಿನ ಹೊರವಲಯದ ಶ್ರಾವಕರ ಅಡುಗೆಮನೆಗಳಲ್ಲಿ ತಲೆಯೆತ್ತುತ್ತಿದೆ.

ವೈಟ್‌ಫೀಲ್ಡ್ ಕಡೆಯ ಬಹುಮಹಡಿ ಕಟ್ಟಡವೊಂದರಲ್ಲಿ ನೆಲೆಸಿರುವ ಕುಟುಂಬವನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಎಪ್ಪತ್ತು ವರ್ಷದ ಅತ್ತೆಯವರು ಊರಿನ ಮನೆಯನ್ನು ಬಿಟ್ಟು ಮಗನೊಡನೆ ಬಂದು ನೆಲೆಸಿದವರು. ನಲವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗವನ್ನು ಪಾಲಿಸಿಕೊಂಡು ಬಂದವರು. ಸೊಸೆ ಟೆಕ್ ಪಾರ್ಕಿನ ಕಚೇರಿಯಲ್ಲಿ ಉದ್ಯೋಗಸ್ಥೆ. ಆಶ್ವಯುಜ ಮಾಸದ ಒಂದು ಸಂಜೆ, ಹೊರಗೆ ಜಿಟಿಜಿಟಿ ಮಳೆ ಹಿಡಿದಿರುವಾಗ, ಆಕೆ ಎಂದಿಗಿಂತ ಸ್ವಲ್ಪ ಬೇಗ ಮನೆಗೆ ಬಂದಳು. ಸೇಬಿನ ಹಣ್ಣನ್ನು ಹೆಚ್ಚಿ, ಬೆಲ್ಲ ಮತ್ತು ಏಲಕ್ಕಿ ಬೆರೆಸಿ, ಮೇಲೆ ತುಪ್ಪದಲ್ಲಿ ಉದುರುದುರಾಗಿ ಕಲಸಿದ ಗೋಧಿಹಿಟ್ಟನ್ನು ಹರಡಿ ಓವನ್ನಿನಲ್ಲಿಟ್ಟಳು. ಮನೆಯೆಲ್ಲ ಘಮಘಮಿಸಿತು. ಏಳು ಗಂಟೆಗೆ ಮೊದಲ ತಟ್ಟೆಯನ್ನು ಅತ್ತೆಯವರ ಮುಂದೆ ತಂದಿಟ್ಟು, “ಅತ್ತೇ, ನಿಮಗೋಸ್ಕರವೇ ಮೊಟ್ಟೆಯಿಲ್ಲದೆ ಮಾಡಿದ್ದೇನೆ. ಬಿಸಿ ಇರುವಾಗಲೇ ಸ್ವಲ್ಪ ತಗೊಳ್ಳಿ” ಎಂದಳು. ಅತ್ತೆಯವರು ಕಿಟಕಿಯತ್ತ ನೋಡಿ, “ಹೊತ್ತು ಮುಳುಗಿ ಎಷ್ಟು ಹೊತ್ತಾಯಿತಮ್ಮಾ, ನಿನಗೆ ಗೊತ್ತಿಲ್ಲವೇ?” ಎಂದರು. ಸೊಸೆ ತಟ್ಟೆಯನ್ನೆತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಇಬ್ಬರೂ ಹೆಚ್ಚು ಮಾತನಾಡಲಿಲ್ಲ.

ಸಂಗತಿ ಚಿಕ್ಕದು. ಆದರೆ ಇಲ್ಲಿ ನೋವಾಗಿದೆ ಎಂಬುದು ಸ್ಪಷ್ಟ. ನೋವಿಗೆ ಹೊಣೆ ಯಾರು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಋತುವಿನ ಮಾತು. ಬೆಂಗಳೂರಿನಲ್ಲಿ ಜುಲೈ ಮೊದಲ ವಾರದಲ್ಲಿ ಸಂಜೆ 6 ಗಂಟೆ 50 ನಿಮಿಷದ ಸುಮಾರಿಗೆ ಸೂರ್ಯಾಸ್ತವಾಗುತ್ತದೆ. ನವೆಂಬರ್ ನಡುವಿನ ವೇಳೆಗೆ ಅದು 5 ಗಂಟೆ 50 ನಿಮಿಷದ ಸುಮಾರಿಗೆ ಇಳಿದಿರುತ್ತದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರಿಗೆ ಶರದೃತುವಿನಲ್ಲಿ ಸಂಜೆ ಐದು ಗಂಟೆಯೇ ಕೊನೆಯ ಗಡಿ. ಕಚೇರಿಯ ಗಡಿಯಾರವಾದರೋ ಋತುವಿನೊಡನೆ ಬದಲಾಗುವುದಿಲ್ಲ. 2023ರಲ್ಲಿ ವೈಟ್‌ಫೀಲ್ಡಿನವರೆಗೆ ಮೆಟ್ರೋ ರೈಲು ಬಂದ ಮೇಲೆ ಪ್ರಯಾಣ ಸುಗಮವಾಗಿರಬಹುದು; ಆದರೆ ಸೂರ್ಯನಿಗಿಂತ ಮೊದಲು ಮನೆ ಸೇರಿಸುವ ರೈಲು ಇನ್ನೂ ಬಂದಿಲ್ಲ. ಪೀಣ್ಯದ ಕಾರ್ಖಾನೆಯಿಂದ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಿಂದ ಬರುವವರ ಪಾಡೂ ಇದೇ. ಒಂದೇ ಮನೆಯಲ್ಲಿ ಅತ್ತೆ ಒಂದು ಗಡಿಯಾರದಂತೆ, ಸೊಸೆ ಇನ್ನೊಂದು ಗಡಿಯಾರದಂತೆ ಬಾಳಬೇಕಾಗಿದೆ.

ಓವನ್ನಿನಲ್ಲಿ ಬೇಯಿಸಿದ್ದು ಪರಕೀಯರ ತಿನಿಸು, ಅದರಿಂದಲೇ ಈ ತೊಡಕು ಎಂದು ಕೆಲವು ಹಿರಿಯರು ಹೇಳುವುದುಂಟು. ಇದು ಸರಿಯಾದ ಮಾತಲ್ಲ. ವೈಟ್‌ಫೀಲ್ಡ್ ಎಂಬ ಊರೇ 1882ರಲ್ಲಿ ಮೈಸೂರು ಸಂಸ್ಥಾನವು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ನೆಲೆ ಎಂಬುದೂ, ಹಣ್ಣು ಬೆರೆಸಿದ ಕೇಕು ಅವರ ಹಬ್ಬದ ತಿನಿಸು ಎಂಬುದೂ ನಿಜ. ಆದರೆ ಮೇಲೂ ಕೆಳಗೂ ಶಾಖ ಕೊಟ್ಟು ಹಿಟ್ಟನ್ನು ಬೇಯಿಸುವ ವಿದ್ಯೆ ಕನ್ನಡದ ಜೈನರಿಗೆ ಹೊಸದಲ್ಲ. 16ನೆಯ ಶತಮಾನದ ಆದಿಭಾಗದಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಸಸ್ಯಾಹಾರದ ಪಾಕಗಳನ್ನು ವಿವರಿಸುವಾಗ, ಕೆಳಗೊಂದು ಮೇಲೊಂದು ಪಾತ್ರೆಯಿಟ್ಟು ಎರಡು ಕಡೆಯೂ ಕೆಂಡದ ಶಾಖ ಕೊಡುವ ಮುಚ್ಚಳ ರೊಟ್ಟಿಯನ್ನು ಹೇಳಿದ್ದಾನೆ. ಕೆಂಡದ ಸ್ಥಾನದಲ್ಲಿ ಈಗ ವಿದ್ಯುತ್ತಿನ ತಂತಿ ಬಂದಿದೆ. ತತ್ತ್ವ ಅದೇ. ಪಾಕದ ದೇಶ ಯಾವುದೆಂಬುದಕ್ಕಿಂತ ಅದರೊಳಗೆ ಏನಿದೆ, ಅದನ್ನು ಹೇಗೆ ಮಾಡಲಾಗಿದೆ ಎಂಬುದು ಶ್ರಾವಕನಿಗೆ ಮುಖ್ಯ.

ಆ ದೃಷ್ಟಿಯಿಂದ ಈ ಹಣ್ಣಿನ ತಿನಿಸನ್ನು ಪರೀಕ್ಷಿಸಬಹುದು. ಪಾಶ್ಚಾತ್ಯರು ಇದನ್ನು ಕ್ರಂಬಲ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆಗಳಿಗೆ ಪಡಿತರವಿದ್ದಾಗ ಅಲ್ಲಿನ ಗೃಹಿಣಿಯರಿಗೆ ಒದಗಿಬಂದ ಸರಳ ತಿನಿಸಿದು. ನಾಲ್ಕು ಸೇಬು, 150 ಗ್ರಾಂ ಗೋಧಿಹಿಟ್ಟು, ಅದರ ಅರ್ಧದಷ್ಟು ತುಪ್ಪ, ಅಷ್ಟೇ ಬೆಲ್ಲದ ಪುಡಿ. 180 ಡಿಗ್ರಿ ಶಾಖದಲ್ಲಿ ಸುಮಾರು 40 ನಿಮಿಷ. ಕೇಕಿನಂತೆ ಉಬ್ಬಬೇಕಾಗಿಲ್ಲವಾದ್ದರಿಂದ ಮೊಟ್ಟೆಯೂ ಬೇಡ, ಹುದುಗೂ ಬೇಡ.

ಆದರೂ ಮದ್ಯ, ಮಾಂಸ, ಮಧುಗಳೆಂಬ ಮೂರು ತ್ಯಾಜ್ಯಗಳು ಇಲ್ಲಿ ಹಿಂಬಾಗಿಲಿನಿಂದ ಬರಬಲ್ಲವು. ಪರಿಮಳಕ್ಕೆ ಹಾಕುವ ವೆನಿಲಾ ಸಾರವನ್ನು ಸಾಮಾನ್ಯವಾಗಿ ಮದ್ಯಸಾರದಲ್ಲಿ ತೆಗೆಯುತ್ತಾರೆ. ಸಿಹಿಗಾಗಿ ಸಕ್ಕರೆಯ ಬದಲು ಜೇನುತುಪ್ಪ ಸುರಿಯುವುದು ಈಗಿನ ರೂಢಿ. ಹಸಿರು ಚುಕ್ಕೆಯಿದ್ದರೆ ಎಲ್ಲವೂ ಸರಿ ಎಂಬ ನಂಬಿಕೆ ಅನೇಕರಲ್ಲಿದೆ. ಪೊಟ್ಟಣಗಳ ಮೇಲೆ ಕಡ್ಡಾಯವಾದ ಆ ಗುರುತು ಉಪಕಾರಿಯೇ ಹೌದು. ಆದರೆ ಸರ್ಕಾರದ ವ್ಯಾಖ್ಯೆಯಲ್ಲಿ ಜೇನು, ಜೇನುಮೇಣ, ಅರಗು ಇವು ಮಾಂಸಾಹಾರದ ಪಟ್ಟಿಗೆ ಸೇರುವುದಿಲ್ಲ. ಹೊಳಪಿಗಾಗಿ ಸೇಬಿನ ಸಿಪ್ಪೆಗೆ ಮೇಣವನ್ನೋ, ಕೀಟಜನ್ಯವಾದ ಅರಗನ್ನೋ ಲೇಪಿಸಲು ನಿಯಮದಲ್ಲಿ ಅವಕಾಶವಿದೆ. ಸಿಪ್ಪೆ ತೆಗೆದರೆ ಆ ದೋಷ ಕಳೆಯುತ್ತದೆ. ಮೇಲೆ ಉದುರಿಸುವ ಒಣ ಅಂಜೂರ ಪಂಚ ಉದುಂಬರಗಳ ಬಳಗಕ್ಕೆ ಸೇರಿದ್ದು. ಅತ್ತಿಯ ಜಾತಿಯ ಹಣ್ಣುಗಳೊಳಗೆ ಸಣ್ಣ ಕಣಜಗಳು ಹೊಕ್ಕು ಪರಾಗವನ್ನು ಮುಟ್ಟಿಸುತ್ತವೆಂದು ಸಸ್ಯಶಾಸ್ತ್ರವೂ ಹೇಳುತ್ತದೆ. ಅಂಜೂರದ ಕೆಲವು ತಳಿಗಳು ಕಣಜದ ನೆರವಿಲ್ಲದೆಯೇ ಹಣ್ಣಾಗುತ್ತವೆ. ಆದರೆ ಅಂಗಡಿಯ ಪೊಟ್ಟಣದ ಮೇಲೆ ತಳಿಯ ಹೆಸರು ಇರುವುದಿಲ್ಲ.

ಇನ್ನು ಯತ್ನಾಚಾರದ ಮಾತು. ಅಡುಗೆ ಎಂದರೆ ಆರಂಭೀ ಹಿಂಸೆ ಇದ್ದದ್ದೇ. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರ, ಕಡಿಮೆ ಮಾಡಬಲ್ಲ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಕಟ್ಟಳೆ ಹಿಟ್ಟಿನಲ್ಲಿ ಹುಟ್ಟುವ ಜೀವಿಗಳನ್ನು ಕಂಡು ಮಾಡಿದ್ದು. ಹಿಂದಿನ ಶ್ರಾವಿಕೆಯರು ಸೌದೆಯನ್ನು ಒಲೆಗಿಡುವ ಮುನ್ನ ನೆಲಕ್ಕೆ ಕುಟ್ಟಿ, ಅದರೊಳಗಿನ ಇರುವೆ ಹುಳುಗಳು ಹೊರಬೀಳುವವರೆಗೆ ಕಾಯುತ್ತಿದ್ದರು. ತಿಂಗಳಿಗೊಮ್ಮೆ ಬಳಸುವ ಓವನ್ನಿನ ಮೂಲೆಯಲ್ಲಿಯೂ ಇರುವೆ, ಜಿರಲೆಗಳು ಆಶ್ರಯ ಪಡೆಯುತ್ತವೆ. ಬಾಗಿಲು ತೆರೆದು, ದೀಪದ ಬೆಳಕಿನಲ್ಲಿ ನೋಡಿ, ಮೆತ್ತಗಿನ ಬಟ್ಟೆಯಿಂದ ಒರೆಸಿ ಆಮೇಲೆ ಗುಂಡಿ ಒತ್ತುವುದು ಸೌದೆ ಕುಟ್ಟುವುದರ ಇಂದಿನ ರೂಪ. ಇದನ್ನು ಮರೆತು ಮೊಟ್ಟೆ ಹಾಕಲಿಲ್ಲವೆಂದು ಸಮಾಧಾನಪಟ್ಟುಕೊಂಡರೆ ಲೆಕ್ಕದಲ್ಲಿ ದೊಡ್ಡ ಬಾಬತ್ತೊಂದು ಬಿಟ್ಟುಹೋದಂತೆ.

ಈಗ ಮೂಲ ಪ್ರಶ್ನೆಗೆ ಬರಬಹುದು. ತಿನಿಸು ಶುದ್ಧವಾಗಿತ್ತು, ಪ್ರೀತಿಯೂ ಶುದ್ಧವಾಗಿತ್ತು, ಹೊತ್ತು ಮಾತ್ರ ಮೀರಿತ್ತು. ಅತ್ತೆಯವರು ಏನು ಮಾಡಬೇಕಾಗಿತ್ತು?

ಒಂದು ಚೂರು ತಿಂದಿದ್ದರೆ ಏನಾಗುತ್ತಿತ್ತು, ಸೊಸೆಯ ಮನಸ್ಸು ದೊಡ್ಡದಲ್ಲವೇ ಎನ್ನುವವರು ಇಂದು ಬಹಳ ಮಂದಿ. ಈ ವಾದವನ್ನು ಕನ್ನಡದ ಜೈನಸಾಹಿತ್ಯ ಎಂಟುನೂರು ವರ್ಷಗಳ ಹಿಂದೆಯೇ ತೂಗಿ ನೋಡಿದೆ. ಜನ್ನನ ‘ಯಶೋಧರ ಚರಿತೆ’ (1209) ಯಾವ ಶ್ರಾವಕನಿಗೆ ತಿಳಿಯದು? ಪ್ರಾಣಿಬಲಿಯನ್ನು ಒಪ್ಪದ ಅರಸನು ತಾಯಿಯ ಮೇಲಿನ ಮಮತೆಗೆ ಸೋತು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ. ಅದರ ಫಲವನ್ನು ತಾಯಿಮಕ್ಕಳಿಬ್ಬರೂ ಭವಭವಗಳಲ್ಲಿ ಉಂಡರು. ಆ ಕಥೆಯಲ್ಲಿ ಹಿಟ್ಟಿಗೆ ದೋಷವಿಲ್ಲ, ಮಾತೃಪ್ರೇಮಕ್ಕೂ ದೋಷವಿಲ್ಲ. ಸರಿಯಲ್ಲವೆಂದು ಬಲ್ಲ ಕೆಲಸವನ್ನು ಪ್ರೀತಿಯ ಹೆಸರಿನಲ್ಲಿ ಸಂಕಲ್ಪಿಸಿದ್ದರಲ್ಲಿ ದೋಷವಿದೆ. ಸೇಬಿನ ತಿನಿಸಿಗೂ ಬಲಿಗೂ ಹೋಲಿಕೆಯಿಲ್ಲ. ಆದರೆ ಮಮತೆಯ ಒತ್ತಾಯಕ್ಕೆ ವ್ರತವನ್ನು ಒಪ್ಪಿಸಿಬಿಡುವ ಮನಸ್ಸಿನ ಚಲನೆ ಎರಡರಲ್ಲಿಯೂ ಒಂದೇ. ಆದ್ದರಿಂದ ಅತ್ತೆಯವರು ತಿನ್ನದೆ ಇದ್ದದ್ದು ಸರಿ. ಅದರಲ್ಲಿ ಹಿಂಸೆಯಿಲ್ಲ.

ಹಾಗಾದರೆ ನೋವು ಎಲ್ಲಿಂದ ಬಂತು? “ನಿನಗೆ ಗೊತ್ತಿಲ್ಲವೇ?” ಎಂಬ ಎರಡು ಪದಗಳಿಂದ ಬಂತು. ಮೊದಲ ಮಾತು ವ್ರತದ್ದು, ಎರಡನೆಯದು ವ್ರತದ ಅಭಿಮಾನದ್ದು. ರಾಗದ್ವೇಷಗಳು ಮನಸ್ಸಿನಲ್ಲಿ ಏಳುವುದೇ ಹಿಂಸೆ ಎಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಪ್ರತಿಪಾದಿಸಿದ್ದಾರೆ. ಕಾಣದ ಸೂಕ್ಷ್ಮಜೀವಿಗಳ ಮೇಲಿನ ಕರುಣೆಯಿಂದ ರಾತ್ರಿಯ ಆಹಾರವನ್ನು ಬಿಟ್ಟ ಶ್ರಾವಿಕೆ, ಕಣ್ಣೆದುರಿಗೆ ನಿಂತಿರುವ ಪಂಚೇಂದ್ರಿಯ ಜೀವಿಯ ಮುಖ ಬಾಡುವುದನ್ನು ಗಮನಿಸದೆ ಹೋದರೆ, ಜಮೆಯ ಕಡೆ ಬರೆದದ್ದನ್ನು ಖರ್ಚಿನ ಕಡೆ ಕಳೆದುಕೊಂಡ ಹಾಗೆ. ವ್ರತವು ಅದನ್ನು ಹಿಡಿದವರ ಸ್ವಂತದ್ದು. ಇನ್ನೊಬ್ಬರನ್ನು ಅಳೆಯಲು ಕೊಟ್ಟ ಕೋಲಲ್ಲ.

ಸೊಸೆಯ ಪಾಲೂ ಸ್ವಲ್ಪವಿದೆ. ಆಕೆ ಮೊಟ್ಟೆಯನ್ನು ನೆನೆದಳು, ಹೊತ್ತನ್ನು ಮರೆತಳು. ಒಬ್ಬರಿಗೆ ಸಂತೋಷ ಕೊಡಬೇಕೆಂದಾಗ ಅವರ ದಿನ ಹೇಗೆ ನಡೆಯುತ್ತದೆಂದು ಮೊದಲು ವಿಚಾರಿಸುವುದು ಪ್ರೀತಿಯ ಯತ್ನಾಚಾರ. ವಿಚಾರಿಸದ ಪ್ರೀತಿಯಲ್ಲಿ ಪ್ರಮಾದವಿರುತ್ತದೆ. ಅದು ದೊಡ್ಡ ತಪ್ಪಲ್ಲ. ದಣಿದು ಬಂದವಳ ಮರೆವು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳಿರುವುದು ಇಂಥ ಹೊತ್ತಿಗಾಗಿಯೇ: ಇನ್ನೊಬ್ಬರ ಕೊರತೆಯನ್ನು ಮುಚ್ಚುವುದು, ಧರ್ಮದಲ್ಲಿ ನಿಲ್ಲಿಸುವುದು, ಕರುವನ್ನು ಹಸು ಪ್ರೀತಿಸುವಂತೆ ಸಹಧರ್ಮಿಯನ್ನು ಪ್ರೀತಿಸುವುದು. ಅಂಗಹೀನವಾದ ದರ್ಶನ ಫಲ ಕೊಡಲಾರದೆಂಬುದು ಸಮಂತಭದ್ರಾಚಾರ್ಯರ ಸ್ಪಷ್ಟ ಅಭಿಪ್ರಾಯ. ವಾತ್ಸಲ್ಯವನ್ನು ಬಿಟ್ಟು ಉಳಿಸಿಕೊಂಡ ವ್ರತಕ್ಕೂ ಈ ಮಾತು ಅನ್ವಯಿಸುತ್ತದೆ.

ಹೀಗೆ ನೋಡಿದರೆ ವ್ರತ ಮತ್ತು ವಾತ್ಸಲ್ಯಗಳಲ್ಲಿ ಒಂದನ್ನು ಆರಿಸಬೇಕಾದ ಪ್ರಸಂಗವೇ ಇಲ್ಲಿಲ್ಲ. “ಎಷ್ಟು ಚೆನ್ನಾದ ಪರಿಮಳ! ನಾನು ಈಗ ತಿನ್ನುವಂತಿಲ್ಲ, ಭಾನುವಾರ ಬೆಳಗ್ಗೆ ಇಬ್ಬರೂ ಸೇರಿ ಮಾಡೋಣ, ನನಗೂ ಕಲಿಸಿಕೊಡು” ಎಂದಿದ್ದರೆ ವ್ರತಕ್ಕೆ ಎಳ್ಳಷ್ಟೂ ಭಂಗವಿರಲಿಲ್ಲ. ಉಳಿದದ್ದನ್ನು ಮರುದಿನಕ್ಕೆ ಎತ್ತಿಡುವ ಉಪಾಯ ಇಲ್ಲಿ ಸಲ್ಲದು. ನೀರಿನಂಶವಿರುವ ಹಣ್ಣಿನ ಪಾಕ ರಾತ್ರಿ ಕಳೆದರೆ ತಂಗಳು, ವ್ರತಿಗಳಿಗೆ ತ್ಯಾಜ್ಯ. ಆದ್ದರಿಂದ ಹೊಸದಾಗಿಯೇ, ಹಗಲಿನಲ್ಲಿಯೇ ಮಾಡಬೇಕು. ಅಷ್ಟಮಿ, ಚತುರ್ದಶಿಗಳಂದು ಹಸಿಹಣ್ಣು ಬಿಡುವ ಮನೆಗಳಲ್ಲಿ ತಿಥಿಯನ್ನೂ ನೋಡಬೇಕು. ಈ ಕಟ್ಟುಗಳೆಲ್ಲ ಅಡ್ಡಿಗಳೆಂದು ತೋರಬಹುದು. ನಿಜವಾಗಿ ನೋಡಿದರೆ ಇವು ಇಬ್ಬರನ್ನೂ ಒಂದೇ ಹೊತ್ತಿಗೆ ಒಂದೇ ಅಡುಗೆಮನೆಗೆ ತರುತ್ತವೆ. ಅತ್ತೆ ಪ್ರತಿಯೊಂದು ಸೇಬನ್ನೂ ನಾಲ್ಕಾಗಿ ಸೀಳಿ ನಡುವೆ ಹುಳುವಿದೆಯೇ ಎಂದು ನೋಡುವರು, ಸೊಸೆ ಹಿಟ್ಟು ಜರಡಿ ಹಿಡಿಯುವಳು, ಮೊಮ್ಮಗು ಓವನ್ನಿನೊಳಗೆ ಇರುವೆ ಹುಡುಕುವುದು. ಅಹಿಂಸೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಬಸದಿಗಳ ಆಡಳಿತ ನಡೆಸುವ ಟ್ರಸ್ಟುಗಳಿಗೂ ಇಲ್ಲೊಂದು ಕರ್ತವ್ಯವಿದೆ. ಪರ್ವದ ದಿನಗಳಲ್ಲಿ ಹೊತ್ತು ಮೀರಿ ಬರುವ ತರುಣ ತರುಣಿಯರನ್ನು ಅನೇಕ ಕಡೆ ಆಕ್ಷೇಪದ ನೋಟವೇ ಎದುರುಗೊಳ್ಳುತ್ತದೆ. ಒಂದೆರಡು ಸಲ ಆ ನೋಟವನ್ನು ಕಂಡವರು ಮೂರನೆಯ ಸಲ ಬರುವುದಿಲ್ಲ. ನಿಯಮವನ್ನು ಸಡಿಲಿಸಬೇಕೆಂದು ಯಾರೂ ಕೇಳುತ್ತಿಲ್ಲ. ಸಾಮೂಹಿಕ ಕಾರ್ಯಕ್ರಮಗಳನ್ನು ಭಾನುವಾರದ ಬೆಳಗಿಗೆ ತರುವುದು, ಉದ್ಯೋಗಸ್ಥರಿಗೆ ಹಗಲಿನಲ್ಲಿಯೇ ಆಹಾರ ಒದಗುವಂತೆ ವ್ಯವಸ್ಥೆ ಮಾಡುವುದು ಕಷ್ಟವಲ್ಲ. ಸ್ಥಿತಿಕರಣವೆಂದರೆ ಇದೇ.

ಚಾತುರ್ಮಾಸದ ಕೊನೆಯಲ್ಲಿ ದೀಪಾವಳಿಯ ಅಮಾವಾಸ್ಯೆ ಬರುತ್ತದೆ. ಭಗವಾನ್ ಮಹಾವೀರರ ನಿರ್ವಾಣದ ನೆನಪಿಗೆ ಅಂದು ಬೆಳಗಿನ ಜಾವ ಬಸದಿಯಲ್ಲಿ ಲಾಡು ಅರ್ಪಿಸಿ ಮನೆಗೆ ಬರುವ ವೇಳೆಗೆ ಬಿಸಿಲು ಏರಿರುತ್ತದೆ. ಕಚೇರಿಗೆ ರಜೆ. ಅತ್ತೆ ಸೊಸೆಯರಿಬ್ಬರಿಗೂ ಅಂದು ಗಡಿಯಾರ ಒಂದೇ. ಓವನ್ನಿನಿಂದ ತೆಗೆದ ಹಣ್ಣಿನ ತಟ್ಟೆ ಆ ಹೊತ್ತಿನಲ್ಲಿ ಅತ್ತೆಯವರ ಮುಂದೆ ಬಂದರೆ ಅವರು ಕಿಟಕಿಯತ್ತ ನೋಡಬೇಕಾದ ಅಗತ್ಯವೇ ಇರುವುದಿಲ್ಲ.