ಅನ್ನದ ಋಣವೂ ಅಂತಸ್ಸಾಕ್ಷಿಯೂ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಲೋಕನೀತಿ. ತನಗೆ ನ್ಯಾಯವೆಂದು ತೋರದ ಪಕ್ಷಕ್ಕಾಗಿ ಆಯುಧ ಹಿಡಿಯಬಾರದೆಂಬುದೂ ನೀತಿಯೇ. ಇವೆರಡೂ ಒಬ್ಬನ ಮುಂದೆ ಏಕಕಾಲದಲ್ಲಿ ಬಂದು ನಿಂತರೆ ಅವನು ಯಾವುದನ್ನು ಕೈಕೊಳ್ಳತಕ್ಕದ್ದು? ಅಂತರ್ಯುದ್ಧದಲ್ಲಿ ಈ ಪ್ರಶ್ನೆಯು ಮನೆಯ ಬಾಗಿಲಿಗೇ ಬರುತ್ತದೆ. ಏಕೆಂದರೆ ಅಲ್ಲಿ ಶತ್ರುವು ಪರದೇಶದವನಲ್ಲ.

ಇಂಗ್ಲೆಂಡಿನಲ್ಲಿ ಒಂದನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ಬೆಳೆದ ವಿರಸವು 1642ನೆಯ ಇಸವಿ ಅಕ್ಟೋಬರ್ 23ರಂದು ಎಡ್ಜ್‌ಹಿಲ್ ಗುಡ್ಡದ ಕೆಳಗಣ ಬಯಲಿನಲ್ಲಿ ಮೊದಲನೆಯ ದೊಡ್ಡ ಕಾಳಗವಾಯಿತು. ಅಂದು ರಾಜಧ್ವಜವನ್ನು ಹಿಡಿದಿದ್ದವನು ಸರ್ ಎಡ್ಮಂಡ್ ವರ್ನಿ. ಯುದ್ಧಕ್ಕೆ ಮುಂಚೆ ಅವನು ಎಡ್ವರ್ಡ್ ಹೈಡನೊಡನೆ ತನ್ನ ಮನಸ್ಸನ್ನು ತೋಡಿಕೊಂಡುದನ್ನು ಹೈಡನೇ ಬರೆದಿಟ್ಟಿದ್ದಾನೆ. ಈ ಕಲಹವು ತನಗೆ ಒಪ್ಪಿಗೆಯಲ್ಲವೆಂದೂ, ದೊರೆಯು ಪಾರ್ಲಿಮೆಂಟಿನ ಕೋರಿಕೆಗೆ ಮಣಿಯುವುದೇ ಲೇಸೆಂದೂ, ಆದರೂ ಸುಮಾರು 30 ವರ್ಷ ಅವನ ಅನ್ನವನ್ನುಂಡವನು ಅವನನ್ನು ಕೈಬಿಡುವ ನೀಚತನಕ್ಕೆ ಇಳಿಯಲಾರನೆಂದೂ, ತನಗೆ ಮರಣವು ನಿಶ್ಚಯವೆಂದೂ ವರ್ನಿಯು ಹೇಳಿದನು. ಹಾಗೆಯೇ ಆಯಿತು. ಅವನು ಎಡ್ಜ್‌ಹಿಲ್ಲಿನಲ್ಲಿ ಮಡಿದನು. ಧ್ವಜವು ಶತ್ರುವಶವಾಗಿ ಮರಳಿ ಬಂದಿತು. ಜಯವು ಯಾರಿಗೆಂಬುದು ಮಾತ್ರ ನಿರ್ಣಯವಾಗಲಿಲ್ಲ.

ಅವನ ಹಿರಿಯ ಮಗ ರಾಲ್ಫನು ಪಾರ್ಲಿಮೆಂಟಿನ ಸದಸ್ಯನಾಗಿ ಎದುರು ಪಕ್ಷದಲ್ಲಿದ್ದನು. ಮರುವರ್ಷ ಆ ಪಕ್ಷವು ವಿಧಿಸಿದ ಮತಸಂಬಂಧವಾದ ಪ್ರತಿಜ್ಞೆಯನ್ನು ಸ್ವೀಕರಿಸಲು ಅವನ ಮನಸ್ಸು ಒಡಂಬಡಲಿಲ್ಲ. ಅವನು ದೇಶವನ್ನೇ ತೊರೆದು ಫ್ರಾನ್ಸಿಗೆ ಹೋದನು. ತಂದೆಯು ಅಂತಸ್ಸಾಕ್ಷಿಯನ್ನು ಬದಿಗಿಟ್ಟು ಒಡೆಯನೊಡನೆ ನಿಂತನು. ಮಗನು ಅಂತಸ್ಸಾಕ್ಷಿಗಾಗಿ ತನ್ನವರನ್ನೇ ಬಿಟ್ಟನು.

ಭೀಷ್ಮದ್ರೋಣರ ಕಥೆಯನ್ನು ಬಲ್ಲವರಿಗೆ ವರ್ನಿಯು ಅಪರಿಚಿತನಲ್ಲ. ಅವರಂತೆಯೇ ಅವನೂ ಗೌರವಾರ್ಹನು. ಋಣಕ್ಕೆ ನ್ಯಾಯವೆಂಬ ಸುಳ್ಳು ಹೆಸರನ್ನು ಅವನು ಇಡಲಿಲ್ಲ. ತೀರಿಸುವಾಗ ಪ್ರಾಣಕ್ಕೆ ಹಿಂಜರಿಯಲಿಲ್ಲ. ಆದರೆ ಋಣವನ್ನು ತೀರಿಸುವವನು ತನ್ನ ಸ್ವತ್ತಿನಿಂದಲೇ ತೀರಿಸಬೇಕಷ್ಟೆ? ಪ್ರಾಣವು ವರ್ನಿಯ ಸ್ವತ್ತು. ಧ್ವಜವು ಹಾಗಲ್ಲ. ಅದು ಮೇಲೆದ್ದಿರುವುದನ್ನು ನೋಡಿ ಸಾವಿರಾರು ಮಂದಿ ಮುಂದಕ್ಕೆ ನಡೆಯುತ್ತಾರೆ. ಅದನ್ನು ಹಿಡಿದವನಿಗೆ ಅದರಲ್ಲಿ ನಂಬಿಕೆಯುಂಟೆಂದೇ ತಿಳಿಯುತ್ತಾರೆ. ಅವರಲ್ಲಿ ಅರಮನೆಯ ಅನ್ನವನ್ನುಂಡವರೆಷ್ಟು ಮಂದಿ?

ಉಪಕಾರ ಮಾಡಿದವನಿಗಾಗಿ ಸಾಯುವ ಹಕ್ಕು ಮನುಷ್ಯನಿಗೆ ಉಂಟು. ತಾನು ನಂಬದ ಕಾರ್ಯಕ್ಕೆ ಇತರರನ್ನು ಕರೆದೊಯ್ಯುವ ಹಕ್ಕನ್ನು ಯಾವ ಅನ್ನದ ಋಣವೂ ಕೊಡಲಾರದು.