ಪರಸ್ಥಳದಲ್ಲಿ ಅತಿಥಿಸಂವಿಭಾಗ ವ್ರತ



ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದು ಅತಿಥಿಸಂವಿಭಾಗ. ಐದು ಅಣುವ್ರತಗಳು, ಮೂರು ಗುಣವ್ರತಗಳು, ನಾಲ್ಕು ಶಿಕ್ಷಾವ್ರತಗಳು ಎಂದು ನಾವು ಬಾಲ್ಯದಿಂದಲೇ ಕಂಠಪಾಠ ಮಾಡಿದ್ದೇವೆ. ಆದರೆ ಮನೆಯ ಹೊಸ್ತಿಲು ದಾಟಿ ಯಾತ್ರೆಗೆ ಹೊರಟೊಡನೆ ನಮ್ಮ ಲಕ್ಷ್ಯವೆಲ್ಲ ನೀರು ಸೋಸುವ ಬಟ್ಟೆ, ಹಿಟ್ಟಿನ ಡಬ್ಬಿ, ಒಲೆ ಇವುಗಳ ಮೇಲೆಯೇ ನಿಲ್ಲುತ್ತದೆ. ಆಹಾರಶುದ್ಧಿಯನ್ನು ಕಾಯ್ದುಕೊಂಡರೆ ಸಾಕು, ವ್ರತವು ನಡೆಯಿತೆಂದು ಸಮಾಧಾನಪಡುತ್ತೇವೆ. ಪಕ್ಕದ ಕೋಣೆಯಲ್ಲಿರುವ ಮಿತ್ರನು ಉಂಡನೇ ಇಲ್ಲವೇ ಎಂಬ ವಿಚಾರವೂ ವ್ರತಕ್ಕೇ ಸೇರಿದ್ದೆಂಬುದನ್ನು ಮರೆಯುತ್ತೇವೆ. ಈ ಮರೆವು ನನಗೂ ಬಂದಿತ್ತು. ಅದನ್ನು ಮರೆಮಾಚದೆ ಹೇಳುವುದೇ ಈ ಲೇಖನದ ಉದ್ದೇಶ.

2016ರ ಡಿಸೆಂಬರಿನಲ್ಲಿ ಮಿತ್ರರೊಬ್ಬರೊಡನೆ ಸಮ್ಮೇದ ಶಿಖರಜಿಯ ಯಾತ್ರೆಗೆ ಹೋಗಿದ್ದೆ. ಇಪ್ಪತ್ತು ತೀರ್ಥಂಕರರು ನಿರ್ವಾಣ ಹೊಂದಿದ ಆ ಪರ್ವತದ ವಂದನೆಗೆ ಹತ್ತಿ, ಸುತ್ತಿ, ಇಳಿಯಲು ಒಟ್ಟು 27 ಕಿಲೋಮೀಟರು ನಡೆಯಬೇಕು. ಇಬ್ಬರೂ ಮನೆಯಲ್ಲಿ ಬೀಸಿದ ಜೋಳದ ಹಿಟ್ಟನ್ನೇ ಕೊಂಡೊಯ್ದಿದ್ದೆವು. ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು ದಿನ, ಮಳೆಗಾಲದಲ್ಲಿ ಮೂರು ದಿನವೆಂಬುದು ನಮ್ಮ ಮನೆಗಳಲ್ಲಿ ಬಲ್ಲ ಸಂಗತಿ. ಸೋಮವಾರ ಬೀಸಿದ ನಮ್ಮ ಹಿಟ್ಟಿಗೆ ಭಾನುವಾರ ಕೊನೆಯ ದಿನ. ರೈಲಿನಲ್ಲಿ ನೀರು ತಗುಲಿ ಮಿತ್ರರ ಹಿಟ್ಟು ಕೆಟ್ಟಿತು. ಮನೆಯಲ್ಲಿ ಬೀಸಿದ ಹಿಟ್ಟಿನ ಆಹಾರವನ್ನಲ್ಲದೆ ಬೇರೆ ಸ್ವೀಕರಿಸುವುದಿಲ್ಲವೆಂಬ ನಿಯಮ ಅವರಿಗಿತ್ತು.

ಶುಕ್ರವಾರ ಅವರು ಉಪವಾಸವಿದ್ದೇ ಪರ್ವತವಂದನೆ ಮಾಡಿದರು. ಶನಿವಾರ ಪಾರಣೆ. ನಡುಹಗಲಿಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮಾಸ್ತರರೇ, ನಿಮ್ಮಲ್ಲಿ ಹಿಟ್ಟಿದ್ದರೆ ಎರಡು ರೊಟ್ಟಿಗಾಗುವಷ್ಟು ಕೊಡಿರಿ" ಎಂದರು. ನಾನು ಆಗಲೇ ಉಂಡಿದ್ದೆ. ಡಬ್ಬಿಯಲ್ಲಿ ಹಿಟ್ಟೂ ಇತ್ತು. ಆದರೆ ಮರುದಿನ ಹಿಂದಿರುಗುವ ಪ್ರಯಾಣದಲ್ಲಿ ನನಗೇ ಸಾಲದಾದೀತೆಂಬ ಆತಂಕ ಬಂತು. ನಾಲಿಗೆ ಮನಸ್ಸಿಗಿಂತ ಮುಂದೋಡಿತು: "ಇದು ನಮ್ಮ ಭಾವನವರು ಮುನಿಗಳ ಆಹಾರಕ್ಕೆಂದು ಕೊಟ್ಟ ಹಿಟ್ಟು." ಅವರು ಕೈಮುಗಿದು, "ಹಾಗಾದರೆ ಮುಟ್ಟುವುದು ಬೇಡ" ಎಂದು ಹೊರಟುಹೋದರು. ಸೋಸಿದ ನೀರನ್ನಷ್ಟೇ ಕುಡಿದು ಸುಮ್ಮನೆ ಜಪಕ್ಕೆ ಕುಳಿತರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಸಚಿತ್ತವಾದ ಹಸಿ ಎಲೆ ಮುಂತಾದವುಗಳ ಮೇಲೆ ಆಹಾರವನ್ನಿಡುವುದು ಸಚಿತ್ತನಿಕ್ಷೇಪ. ಅಂಥವುಗಳಿಂದ ಮುಚ್ಚುವುದು ಸಚಿತ್ತಾಪಿಧಾನ. ಪರರ ಹೆಸರಿನ ನೆಪವೊಡ್ಡುವುದು ಪರವ್ಯಪದೇಶ. ಆದರವಿಲ್ಲದೆ, ಇತರ ದಾನಿಗಳ ಮೇಲಿನ ಅಸೂಯೆಯಿಂದ ಕೊಡುವುದು ಮಾತ್ಸರ್ಯ. ಕೊಡುವ ವೇಳೆಯನ್ನು ಮೀರಿಸುವುದು ಕಾಲಾತಿಕ್ರಮ. ನಾನು ಮಕ್ಕಳಿಗೆ ಈ ಐದನ್ನೂ ಕಲಿಸಿದವನು. ಕಲಿಸಿದ ಪಾಠದ ಮೂರನೆಯ ದೋಷವನ್ನೇ ತೀರ್ಥಕ್ಷೇತ್ರದ ಬುಡದಲ್ಲಿ ಕುಳಿತು ಮಾಡಿದೆ.

ನಾಲ್ಕು ಗಂಟೆಯ ಹೊತ್ತಿಗೆ ಮನಸ್ಸು ತಡೆಯಲಿಲ್ಲ. ಒಲೆ ಹೊತ್ತಿಸಿ, ನೀರು ಕಾಯಿಸಿ, ಹಿಟ್ಟು ನಾದಿ ನಾಲ್ಕು ರೊಟ್ಟಿ ತಟ್ಟಿದೆ. ಬೇಳೆಯ ಸಾರು ಮಾಡಿದೆ. ತಟ್ಟೆ ಹಿಡಿದು ಅವರ ಬಾಗಿಲಿಗೆ ಹೋದಾಗ ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ ಉಳಿದಿತ್ತು. ನಮ್ಮ ಊರಿನ ಲೆಕ್ಕದಲ್ಲಿ ಇನ್ನೂ ಅರ್ಧ ಗಂಟೆ ಸಮಯವಿರಬೇಕು. ಆದರೆ ಪೂರ್ವದೇಶದಲ್ಲಿ ಚಳಿಗಾಲದ ಸೂರ್ಯನು ಐದರ ಸುಮಾರಿಗೇ ಅಸ್ತನಾಗುತ್ತಾನೆ. ಅಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಆಹಾರ ಮುಗಿಸುವ ನಿಯಮ ಅವರದು. ಅವರು ತಟ್ಟೆಯನ್ನು ನೋಡಿದರು, ಕಿಟಕಿಯತ್ತ ನೋಡಿದರು. "ವೇಳೆ ಮೀರಿತು ಮಾಸ್ತರರೇ. ನಾಳೆ ನೋಡೋಣ" ಎಂದರು. ಪರವ್ಯಪದೇಶದ ಬೆನ್ನಿಗೆ ಕಾಲಾತಿಕ್ರಮವೂ ಆಯಿತು. ಇಪ್ಪತ್ತೇಳು ಕಿಲೋಮೀಟರು ನಡೆದ ಆ ಶರೀರವು ಎರಡನೆಯ ರಾತ್ರಿಯನ್ನೂ ಅನ್ನವಿಲ್ಲದೆ ಕಳೆಯಿತು.

ಇಲ್ಲಿ ಕೆಲವರಿಗೆ ಶಂಕೆ ಬರಬಹುದು: ಅತಿಥಿಯೆಂದರೆ ಮುನಿಗಳಲ್ಲವೇ? ಜೊತೆಯ ಯಾತ್ರಿಕನು ಅತಿಥಿ ಹೇಗಾದಾನು? ಮುನಿಗಳು ಉತ್ತಮಪಾತ್ರರು, ನಿಜ. ಆದರೆ ಪಾತ್ರವಿಚಾರವು ಅಲ್ಲಿಗೇ ಮುಗಿಯುವುದಿಲ್ಲ. ವ್ರತಧಾರಿ ಶ್ರಾವಕನು ಮಧ್ಯಮಪಾತ್ರ; ವ್ರತವಿಲ್ಲದ ಸಮ್ಯಗ್ದೃಷ್ಟಿಯು ಜಘನ್ಯಪಾತ್ರ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯ ಕೊಡುಗೆಗಳನ್ನು ವಿವರಿಸಿದ್ದಾರೆ. ಆಚಾರದಲ್ಲಿ ತನಗೆ ಸಮಾನನಾದ ಗೃಹಸ್ಥನಿಗೆ ಶ್ರದ್ಧೆಯಿಂದ ಕೊಡುವುದೇ ಸಮದತ್ತಿ. ಇನ್ನು ಜೊತೆಯವನು ಅನ್ಯಮತದವನಾದರೂ ಹಸಿದಿದ್ದರೆ ದಯಾದತ್ತಿಯ ಬಾಗಿಲು ತೆರೆದೇ ಇದೆ. ಹೀಗಿರಲು ಮುನಿಗಳ ಹೆಸರು ಹೇಳಿ ಹಸಿದ ಶ್ರಾವಕನನ್ನು ಹಿಂದೆ ಕಳುಹಿಸಿದ್ದು ಮುನಿಭಕ್ತಿಯಲ್ಲ. ಲೋಭಕ್ಕೆ ಭಕ್ತಿಯ ಹೊದಿಕೆ ಹೊದಿಸಿದ್ದು.

ಕೊಡುವುದರಿಂದ ಪಡೆಯುವವನಿಗೆಷ್ಟೋ ಕೊಡುವವನಿಗೂ ಅಷ್ಟೇ ಉಪಕಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿದ್ದಾರೆ. ಮಿತ್ರರಿಗೆ ಆ ದಿನ ತಪ್ಪಿದ್ದು ಒಂದು ಹೊತ್ತಿನ ಊಟ. ನನಗೆ ತಪ್ಪಿದ್ದು ಅದಕ್ಕಿಂತ ದೊಡ್ಡದು.

ಭಾನುವಾರ ಸೂರ್ಯೋದಯದ ಎರಡು ಘಳಿಗೆಯ ನಂತರ ಉಳಿದ ಹಿಟ್ಟಿನಿಂದ ರೊಟ್ಟಿ ತಟ್ಟಿ, ಮೊದಲು ಅವರಿಗೆ ಬಡಿಸಿ, ಬಳಿಕ ನಾನು ಕುಳಿತೆ. ಊಟವಾದ ಮೇಲೆ ಅವರು, "ನಿಮ್ಮ ಭಾವನವರಿಗೆ ನನ್ನ ಜೈ ಜಿನೇಂದ್ರ ತಿಳಿಸಿರಿ" ಎಂದರು. ಆಗ ನಿಜವನ್ನು ಹೇಳಿ ಕ್ಷಮೆ ಬೇಡಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನನಗೊಂದು ಉಪವಾಸ ಹೆಚ್ಚಾಯಿತು, ನಿಮಗೊಂದು ಪಾಠ ಹೆಚ್ಚಾಯಿತು" ಎಂದು ನಕ್ಕರು. ಇಬ್ಬರೂ ಉಂಡ ಮೇಲೂ ಡಬ್ಬಿಯಲ್ಲಿ ಒಂದು ಹಿಡಿ ಹಿಟ್ಟು ಉಳಿದಿತ್ತು. ಮರುದಿನ ರೈಲಿನಲ್ಲಿ ಅದರ ಮರ್ಯಾದೆ ಮುಗಿದು ಯಾರಿಗೂ ಬಾರದೆ ಹೋಯಿತು. ಯಾವುದನ್ನು ಉಳಿಸಲೆಂದು ಸುಳ್ಳಾಡಿದೆನೋ ಅದು ಉಳಿಯಲಿಲ್ಲ.

ಆದ್ದರಿಂದ ಯಾತ್ರೆಗೆ, ಮಕ್ಕಳ ಊರಿಗೆ, ಇನ್ನಾವುದೇ ಪರಸ್ಥಳಕ್ಕೆ ಹೊರಡುವ ಸಹೋದರ ಸಹೋದರಿಯರಲ್ಲಿ ನನ್ನ ವಿನಂತಿ ಇಷ್ಟೇ. ಹಿಟ್ಟನ್ನು ಅಳೆಯುವಾಗ ಇನ್ನೊಬ್ಬರಿಗಾಗುವಷ್ಟು ಹೆಚ್ಚಾಗಿ ಅಳೆಯಿರಿ. ಒಲೆ ಹೊತ್ತಿಸುವ ಮೊದಲು ಜೊತೆಯವರ ಊಟವಾಯಿತೇ ಎಂದು ನೀವೇ ಹೋಗಿ ವಿಚಾರಿಸಿರಿ; ಅವರು ಬಂದು ಕೇಳುವಂತೆ ಮಾಡಬೇಡಿರಿ. ಆ ಊರಿನ ಸೂರ್ಯಾಸ್ತವನ್ನು ಮೊದಲ ದಿನವೇ ತಿಳಿದುಕೊಳ್ಳಿರಿ. ಕೊಡಲು ನಿಜವಾಗಿ ಇಲ್ಲದಿದ್ದರೆ ಇಲ್ಲವೆನ್ನಿರಿ, ಇದ್ದುದನ್ನು ಪರರದೆನ್ನಬೇಡಿರಿ. ಸೋಸಿದ ನೀರಿನಿಂದ ಹಿಟ್ಟು ಶುದ್ಧವಾದೀತು. ಹಂಚಿ ಉಂಡಾಗಲೇ ಊಟ ಶುದ್ಧವಾಗುವುದು.

ಜೈ ಜಿನೇಂದ್ರ.